ಅರ್ಧ ರಾಜ್ಯದ ದಾರಿ

ಅಂಬಾಸಿಡರ್ ಸಿಕ್ಕಿದ್ದರಿಂದ ಏರ್ಕಾಡು ಸಿಕ್ಕಿತು. ನಾವು ನಾಲ್ಕು ಜನ ಆಗ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆವು. ಒಬ್ಬನ ಸೋದರಮಾವ ತಮ್ಮ ಹಳೆಯ ಕಾರನ್ನು ಮೂರು ದಿನದ ಮಟ್ಟಿಗೆ ಕೊಡುತ್ತೇನೆಂದು ಬಾಯಿತಪ್ಪಿ ಹೇಳಿದರು. ಅವರು ಮನಸ್ಸು ಬದಲಿಸುವ ಮೊದಲೇ ಊರು ಬಿಡಬೇಕು ಎನ್ನುವುದಷ್ಟೇ ನಮ್ಮ ಯೋಜನೆ. ಊಟಿ ದುಬಾರಿ, ಕೊಡೈಕನಾಲ್ ದೂರ. ಸೇಲಂ ಕಡೆಯ ಗೆಳೆಯ, 'ನಮ್ಮೂರ ತಲೆ ಮೇಲೇ ಒಂದು ಬೆಟ್ಟ ಇದೆ, ಬಡವರ ಊಟಿ ಅಂತಾರೆ. ರಾತ್ರಿ ಅಜ್ಜಿ ಮನೇಲಿ ಊಟ' ಅಂದ. ಊಟದ ಮಾತು ಬಂದಮೇಲೆ ಚರ್ಚೆ ಮುಗಿಯಿತು. 1991ರ ನವೆಂಬರ್. ದೀಪಾವಳಿ ಪಟಾಕಿಯ ಕೆಂಪು ಕಾಗದ ಇನ್ನೂ ರಸ್ತೆಯಂಚಿನಲ್ಲಿ ನೆನೆದು ಬಿದ್ದಿತ್ತು.

ಹೊರಡುವ ಹಿಂದಿನ ದಿನ ನಮ್ಮ ಮೇಷ್ಟ್ರೊಬ್ಬರು ಕಾರಿಡಾರಿನಲ್ಲಿ ಎದುರಾದರು. ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಕೇಳಿದರು. ಹೊಸೂರು, ಕೃಷ್ಣಗಿರಿ, ಧರ್ಮಪುರಿ ಎಂದೆವು. 'ಸರಿ, ಅರ್ಧ ರಾಜ್ಯ ನೋಡಿಕೊಂಡು ಬನ್ನಿ' ಎಂದು ಹೇಳಿ ಕ್ಲಾಸಿಗೆ ನುಗ್ಗಿದರು. ಏನೋ ತಮಾಷೆ ಮಾಡಿದರು ಅಂದುಕೊಂಡೆವು.

ಶ್ರೀರಂಗಪಟ್ಟಣದ ಒಪ್ಪಂದ ನಮಗೆ ಹತ್ತು ಅಂಕದ ಪ್ರಶ್ನೆ. 1792ರ ಮಾರ್ಚ್, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಹಣ ತೀರುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಆ ಇಬ್ಬರು ಹುಡುಗರನ್ನು ಕಾರ್ನ್‌ವಾಲಿಸ್ ಕೈಹಿಡಿದು ಬರಮಾಡಿಕೊಳ್ಳುವ ಚಿತ್ರ ನೋಡದವರಿಲ್ಲ. ಮಕ್ಕಳ ಮುಖ ಗೊತ್ತು, ರೂಪಾಯಿಯ ಲೆಕ್ಕ ಗೊತ್ತು. ಆ 'ಅರ್ಧ ರಾಜ್ಯ' ಅನ್ನುವುದು ಮಾತ್ರ ಪುಸ್ತಕದಲ್ಲಿ ಎರಡು ಪದವಾಗಿಯೇ ಉಳಿದಿತ್ತು. ಟಿಪ್ಪುವಿನ ಬಗ್ಗೆ ಜಗಳ ಕಾಯುವುದರಲ್ಲಿ ನಾವು ಕನ್ನಡಿಗರು ನಿಸ್ಸೀಮರು. ಅವನು ಕಳೆದುಕೊಂಡ ನೆಲ ಎಲ್ಲಿದೆ ತೋರಿಸಿ ಎಂದರೆ ತಲೆ ಕೆರೆದುಕೊಳ್ಳುತ್ತೇವೆ. ಮಲಬಾರು, ಕೊಡಗು, ದಿಂಡಿಗಲ್ ಜೊತೆಗೆ ಸೇಲಂ ಸೀಮೆ, ಬಾರಾಮಹಲ್ ಎಂದು ನಾನೂ ಬರೆದು ಅಂಕ ತೆಗೆದುಕೊಂಡವನೇ. ಆ ಬಾರಾಮಹಲ್ ಎಂದರೆ ಇದೇ ಕೃಷ್ಣಗಿರಿ, ಧರ್ಮಪುರಿ, ಹೊಸೂರು ಬಸ್ಸು ಹತ್ತಿದರೆ ಮೂರು ತಾಸಿನ ದಾರಿ ಎಂದು ಯಾರೂ ಹೇಳಿರಲಿಲ್ಲ.

ಹೊಸೂರಿನಲ್ಲಿ ಹೆದ್ದಾರಿ ಬಿಟ್ಟು ರಾಯಕೋಟೆಗೆ ತಿರುಗಿದ್ದು ಮೇಷ್ಟ್ರ ಮಾತಿನಿಂದಲ್ಲ, ಕಾರಿನ ಗೆಳೆಯನಿಗೆ ಲಾರಿಗಳೆಂದರೆ ಭಯ ಇದ್ದುದರಿಂದ. ರಾಗಿ ಕೊಯ್ಲು ಹತ್ತಿರವಾಗಿತ್ತು. ತೆನೆಗಳು ಮಳೆಗೆ ತಲೆಬಾಗಿದ್ದವು. ರಾಯಕೋಟೆಯ ಗುಡ್ಡ ಊರಿನ ಬೆನ್ನಿಗೇ ಅಂಟಿಕೊಂಡಿದೆ. 1791ರ ಜುಲೈಯಲ್ಲಿ ಕಂಪನಿಯವರು ಹಿಡಿದ ಕೋಟೆ ಇದು. 1799ರ ಮಾರ್ಚ್ ಮೊದಲ ವಾರ ಜನರಲ್ ಹ್ಯಾರಿಸ್‌ನ ದಂಡು ಇಲ್ಲಿಂದಲೇ ಮೈಸೂರಿನ ಗಡಿಯೊಳಗೆ ಕಾಲಿಟ್ಟಿತು. ಎರಡು ತಿಂಗಳಿಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು. ಹೊಸೂರಿನ ಮೇಲುಸೀಮೆ ಕಂಪನಿಯ ಕೈಸೇರಿದ್ದೂ ಆಮೇಲೆಯೇ. ನಾವು ಅಲ್ಲಿ ಮಾಡಿದ್ದು ಇಡ್ಲಿ ತಿಂದದ್ದು. ಹೋಟೆಲಿನವರು ನಮ್ಮೊಡನೆ ಕನ್ನಡದಲ್ಲಿ, ಅಡುಗೆಮನೆಯೊಡನೆ ತೆಲುಗಿನಲ್ಲಿ, ಗಲ್ಲಾದ ಮುಂದೆ ನಿಂತ ಗಿರಾಕಿಯೊಡನೆ ತಮಿಳಿನಲ್ಲಿ ಮಾತಾಡುತ್ತಿದ್ದರು. ಒಂದರಿಂದ ಒಂದಕ್ಕೆ ಹಾರುವಾಗ ಉಸಿರೂ ತೆಗೆದುಕೊಳ್ಳುತ್ತಿರಲಿಲ್ಲ.

ಕೃಷ್ಣಗಿರಿಯ ಬೆಟ್ಟ ಹತ್ತಿದ್ದು ಮಾತ್ರ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ಕೆಳಗಿನಿಂದ ನೋಡಿದರೆ ಊರಿಗೆ ಒರಗಿ ನಿಂತ ಬೋಳು ಬಂಡೆ, ಅಷ್ಟೇ. ಸ್ಥಳೀಯರು ಸೈಯದ್ ಬಾಷಾ ಬೆಟ್ಟ ಅನ್ನುತ್ತಾರೆ, ಮೇಲೆ ದರ್ಗಾ ಇದೆ. ಕಡಿದ ಮೆಟ್ಟಿಲುಗಳು ಅಲ್ಲಲ್ಲಿ ಕಾಲ್ಬೆರಳು ಊರುವಷ್ಟೇ. ಹಿಂದಿನ ರಾತ್ರಿ ಮಳೆಯಾಗಿ ಬಂಡೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಒಬ್ಬನ ಚಪ್ಪಲಿಯ ಉಂಗುಟ ಕಿತ್ತುಬಂತು. ಕೈಯಲ್ಲಿ ಹಿಡಿದುಕೊಂಡೇ ಹತ್ತಿದ. ಮೇಲಿನ ಬಾಗಿಲಿನ ಹತ್ತಿರ ತಲೆಗಾತ್ರದ, ಮಡಕೆಗಾತ್ರದ ಗುಂಡುಗಳು ರಾಶಿಬಿದ್ದಿದ್ದವು. ಗೋಡೆ ಬಿದ್ದು ಹರಡಿದ ಕಲ್ಲುಗಳೇ ಇರಬೇಕು. ಹುಡುಗುಬುದ್ಧಿ, ಒಂದನ್ನು ಕಾಲಿನಿಂದ ತಳ್ಳಿದೆವು. ಅದು ಮೊದಲು ನಿಧಾನಕ್ಕೆ ಉರುಳಿತು, ಆಮೇಲೆ ಪುಟಿಯಿತು, ಆಮೇಲೆ ಕಾಣಿಸಲಿಲ್ಲ. ಕೆಳಗಿನ ಪೊದೆಯಲ್ಲಿ ಎಲ್ಲೋ ಬಡಿದ ಸದ್ದು ತುಂಬ ಹೊತ್ತು ಬಿಟ್ಟು ಬಂತು. ಮೇಕೆ ಕಾಯುತ್ತಿದ್ದ ಹುಡುಗ ಕೆಳಗಿನಿಂದ ಕೆಟ್ಟದಾಗಿ ಬೈದ. ನಮ್ಮ ನಾಲ್ವರ ಮುಖವೂ ಬೆಳ್ಳಗಾಯಿತು.

ಊರಿಗೆ ಮರಳಿದ ಮೇಲೆ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸವನ್ನು ಲೈಬ್ರರಿಯಲ್ಲಿ ತೆರೆದು ನೋಡಿದಾಗ ಮೈ ಜುಮ್ಮೆಂದಿತು. 1791ರ ನವೆಂಬರ್ 7ರ ರಾತ್ರಿ ಕರ್ನಲ್ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಪೇಟೆ ಹಿಡಿದ, ಕೆಳಕೋಟೆ ಹಿಡಿದ, ಓಡುವವರ ಬೆನ್ನಿಗೇ ಮೇಲುಕೋಟೆಗೆ ನುಗ್ಗಲು ಹೋದ. ಟಿಪ್ಪುವಿನ ಕಾವಲಿನವರು ಮೇಲಿನಿಂದ ಬಂಡೆ ಉರುಳಿಸಿದರು. ಏಣಿಗಳು ಮುರಿದವು, ಜನ ಸತ್ತರು, ಮ್ಯಾಕ್ಸ್‌ವೆಲ್ ಹಿಂದೆಗೆದ. 1767ರಲ್ಲಿ ಹೈದರನ ಕಾಲದಲ್ಲೂ ಇಂಗ್ಲಿಷರಿಗೆ ಈ ಕೋಟೆ ದಕ್ಕಿರಲಿಲ್ಲ. ಕಡೆಗೆ ಅವರಿಗೆ ಅದು ಸಿಕ್ಕಿದ್ದು ಸುಮಾರು ನೂರು ಮೈಲಿ ಆಚೆ ಶ್ರೀರಂಗಪಟ್ಟಣದಲ್ಲಿ ಸಹಿಬಿದ್ದ ಕಾಗದದಿಂದ. ನಾವು ಕಲ್ಲು ಉರುಳಿಸಿದ್ದು ಆ ರಾತ್ರಿಗೆ ಸರಿಯಾಗಿ 200 ವರ್ಷ ತುಂಬಿದ ವಾರದಲ್ಲಿ. ಗೊತ್ತಿದ್ದು ಮಾಡಿದ್ದರೆ ನಾಟಕವಾಗುತ್ತಿತ್ತು. ಗೊತ್ತಿರಲಿಲ್ಲ, ಬೈಸಿಕೊಂಡೆವು, ಅಷ್ಟೇ.

ಕಾವೇರಿಪಟ್ಟಣದಲ್ಲಿ ಟೀ ಕುಡಿದೆವು. ಹೆಸರು ಹಾಗಿದ್ದರೂ ಅಲ್ಲಿರುವುದು ಕಾವೇರಿಯಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ನಮ್ಮ ದಕ್ಷಿಣ ಪಿನಾಕಿನಿ, ಅವರ ತೆನ್‌ಪೆಣ್ಣೈ. ಕಾರಿನ ನಂಬರ್ ಪ್ಲೇಟು ನೋಡಿ ಟೀ ಅಂಗಡಿಯಾತ ಕನ್ನಡದಲ್ಲೇ ಕೇಳಿದ: 'ಏನ್ ಸಾರ್, ನೀರು ಬಿಡಲ್ವಂತೆ ನಿಮ್ಮೋರು?' ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಜೂನ್ 25ಕ್ಕೆ ಬಂದಿತ್ತು, ವರ್ಷಕ್ಕೆ 205 ಟಿಎಂಸಿ. ಕರ್ನಾಟಕದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನ ಮುಂದಿತ್ತು. ಏನು ಹೇಳುವುದೆಂದು ನಮಗೆ ತೋಚಲಿಲ್ಲ. 'ಮಳೆ ಬರ್ತಾ ಇದೆಯಲ್ಲ ಬಿಡಿ' ಎಂದ ನಮ್ಮಲ್ಲೊಬ್ಬ. ಆತ ನಕ್ಕ. ಟೀ ದುಡ್ಡು ಮಾತ್ರ ಎಣಿಸಿಯೇ ತೆಗೆದುಕೊಂಡ.

ಧರ್ಮಪುರಿಯಲ್ಲಿ ನಾವು ನಿಂತದ್ದು ಅರ್ಧ ತಾಸು. ಇಂದು ಹೋದರೆ ಎರಡು ದಿನವಾದರೂ ನಿಲ್ಲುತ್ತಿದ್ದೆ. ಈ ಊರು ತಮಿಳರಿಗೆ ತಗಡೂರು. ಔವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ಊರು. ನಮಗೆ ನೊಳಂಬರ ಊರು. ಮಹೇಂದ್ರ ನೊಳಂಬ ಇಲ್ಲಿನ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುವ, ಶಕ 815ರ ಶಾಸನ ಕನ್ನಡದಲ್ಲಿದೆ. ಮಂತ್ರಾಲಯದ ಕಥೆಯಲ್ಲಿ ಬರುವ ಮನ್ರೋ ಸಾಹೇಬನ ಊರೂ ಹೌದು. 1792ರಲ್ಲಿ ಬಾರಾಮಹಲ್ ಕೈಗೆ ಬಂದಾಗ ಕಂಪನಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನನ್ನು ಮೇಲ್ವಿಚಾರಣೆಗೆ ನೇಮಿಸಿತು, ಅವನ ಕೈಕೆಳಗೆ ಥಾಮಸ್ ಮನ್ರೋ. ಏಳು ವರ್ಷ ಹಳ್ಳಿ ಹಳ್ಳಿ ಸುತ್ತಿ, ಹೊಲ ಅಳೆದು, ನಡುವೆ ಜಮೀನ್ದಾರನಿಲ್ಲದೆ ಸರಕಾರ ನೇರವಾಗಿ ರೈತನೊಡನೆ ಕಂದಾಯ ಕುದುರಿಸಿಕೊಳ್ಳುವ ರೈತವಾರಿ ಪದ್ಧತಿಯನ್ನು ಇವರು ಕಟ್ಟಿದ್ದು ಇದೇ ಮಣ್ಣಿನಲ್ಲಿ. ಬಳ್ಳಾರಿಯ ರೈತನ ಪಹಣಿಯ ಮುತ್ತಜ್ಜ ಧರ್ಮಪುರಿಯವನು ಎಂದರೂ ನಡೆಯುತ್ತದೆ. ಯುದ್ಧದಲ್ಲಿ ಲೆಫ್ಟಿನೆಂಟ್ ಆಗಿದ್ದ ಮನ್ರೋ ಇಲ್ಲಿ ಹಣ್ಣಿನ ಗಿಡ ನೆಟ್ಟು, ತೋಟ ಮಾಡಿಕೊಂಡು, 1799ರಲ್ಲಿ ಬಿಟ್ಟುಹೋಗುವಾಗ ಸಂಕಟಪಟ್ಟಿದ್ದ.

ತೊಪ್ಪೂರು ಕಣಿವೆಯಲ್ಲಿ ನಮ್ಮ ಕಾರು ಕೈಕೊಟ್ಟಿತು. ರೇಡಿಯೇಟರ್ ಕುದಿದು ಬಾನೆಟ್ ಸಂದಿಯಿಂದ ಹೊಗೆ. ಸೇಲಂ ಗೆಳೆಯ ಪ್ಲಾಸ್ಟಿಕ್ ಕ್ಯಾನು ಹಿಡಿದು ಎಲ್ಲೋ ಇಳಿದುಹೋದ. ನಾವು ಮೂವರು ಮೋರಿಯ ಕಟ್ಟೆಯ ಮೇಲೆ ಕೂತು, ಲಾರಿಗಳು ಎಂಜಿನ್ ನರಳಿಸುತ್ತ ಏರುವುದನ್ನು ನೋಡಿದೆವು. ಬಾರಾಮಹಲಿನಿಂದ ಸೇಲಂ ಬಯಲಿಗೆ ಇಳಿಯುವ ಗಂಟಲು ಇದು. 1790ರ ನವೆಂಬರ್‌ನಲ್ಲಿ ಟಿಪ್ಪು ಕಾವೇರಿಪಟ್ಟಣದ ಬಳಿ ಎರಡು ಇಂಗ್ಲಿಷ್ ಪಡೆಗಳ ನಡುವೆ ಸಿಕ್ಕಿಬೀಳುವುದರಲ್ಲಿದ್ದ. ಮ್ಯಾಕ್ಸ್‌ವೆಲ್ ಒಂದು ಕಡೆ, ಮೆಡೋಸ್ ಇನ್ನೊಂದು ಕಡೆ. ಆತ ಇಡೀ ದಂಡು, ತೋಪು, ಎತ್ತು, ಸಾಮಾನಿನ ಸಮೇತ ಈ ಸಂದಿಯಲ್ಲಿ ನುಸುಳಿ ತಿರುಚಿರಾಪಳ್ಳಿಯ ಕಡೆ ಹೊರಟುಬಿಟ್ಟ. ಮೆಡೋಸ್ ಹಿಂದೆ ಹಿಂದೆ ಏದುಸಿರು ಬಿಟ್ಟುಕೊಂಡು ಬಂದ. ಸಾವಿರಾರು ಎತ್ತು ದಾಟಿದ ಜಾಗದಲ್ಲಿ ನಮ್ಮ ಒಂದು ಅಂಬಾಸಿಡರ್ ದಾಟಲಿಲ್ಲ. ಗೆಳೆಯ ನೀರು ತರುವಷ್ಟರಲ್ಲಿ ಕತ್ತಲಾಗಿತ್ತು.

ಸೇಲಂ ಅಜ್ಜಿಯ ಮನೆ ನೇಕಾರರ ಓಣಿಯಲ್ಲಿ. ಕನ್ನಡ ಮಾತಾಡುವ ದೇವಾಂಗದವರು. ಯಾವ ಕಾಲದಲ್ಲಿ ಬಂದರೋ ಅವರಿಗೇ ನೆನಪಿಲ್ಲ. ಹಜಾರದ ಅರ್ಧ ಭಾಗ ಕುಣಿಮಗ್ಗಕ್ಕೆ ಹೋಗಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಬಿಳಿ ರೇಷ್ಮೆ ಪಂಚೆ ಹಾಗೇ ಬಿಗಿದು ನಿಂತಿತ್ತು, ನಮಗೆ ಎಲೆ ಹಾಕಿದ್ದು ಅದರ ಪಕ್ಕಕ್ಕೆ. ಅಜ್ಜಿ ಎಲ್ಲರ ಮುಖವನ್ನೂ ದೀಪದ ಬೆಳಕಿಗೆ ತಿರುಗಿಸಿ ನೋಡಿ, 'ಎಲ್ಲಾ ಮೈಸೂರು ಸೀಮೆ ಮಕ್ಕಳಾ?' ಎಂದು ಕೇಳಿದರು. ಅವರ ಪಾಲಿಗೆ ಕರ್ನಾಟಕ ಎನ್ನುವ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಹೊಸೂರಿಂದ ಮೇಲೆ ಮೈಸೂರು ಸೀಮೆ, ಹೊಸೂರಿಂದ ಕೆಳಗೆ ನಾವು. ಗಡಿಯನ್ನು ಅವರು ಹೇಳುತ್ತಿದ್ದುದು ಎತ್ತರದ ಲೆಕ್ಕದಲ್ಲಿ. ಘಟ್ಟದ ದಾರಿಯನ್ನು ಅಷ್ಟು ಹೊತ್ತು ನೋಡಿ ಬಂದಿದ್ದ ನಮಗೆ ಅದು ಸರಿ ಎನಿಸಿತು.

ಬೆಳಿಗ್ಗೆ ಅವರು ರಾಟೆಯ ಮುಂದೆ ಕೂತು ಎಳೆ ಎಣಿಸುವುದನ್ನು ಕೇಳಿಸಿಕೊಂಡೆ. ಒಂದು, ಎರಡು, ಮೂರು... ಎಳೆಯ ಲೆಕ್ಕ ಕನ್ನಡ. ಆಮೇಲೆ ಕೂಲಿಯ ಲೆಕ್ಕಕ್ಕೆ ಮಾಲೀಕರ ಕಡೆಯವನು ಬಂದ, ಒಣ್ಣು, ರೆಂಡು. ಬೆಂಗಳೂರಿನಲ್ಲಿರುವ ಮಗಳಿಗೆ, ಅಂದರೆ ಗೆಳೆಯನ ಅತ್ತೆಗೆ, ಒಂದು ಕಾಗದ ಬರೆದಿಟ್ಟಿದ್ದರು. ತಲುಪಿಸಿ ಎಂದು ನನ್ನ ಕೈಗೇ ಕೊಟ್ಟರು. ಇನ್‌ಲ್ಯಾಂಡ್ ಕಾಗದದ ತುಂಬ ತಮಿಳು ಅಕ್ಷರ. 'ಅಜ್ಜೀಗೆ ಕನ್ನಡ ಬರೆಯೋಕೆ ಬರಲ್ಲ, ತಮಿಳಲ್ಲಿ ಬರೀತಾರೆ' ಎಂದ ಗೆಳೆಯ. ಅವನೇ ಓದಿ ತೋರಿಸಿದಾಗ ಗೊತ್ತಾಯಿತು, ಅಕ್ಷರ ಮಾತ್ರ ತಮಿಳು, ಒಳಗಿದ್ದದ್ದು ಪೂರಾ ಕನ್ನಡ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಒಂದೇ. ಪ, ಬ ಒಂದೇ. 'ಬಾ' ಎಂದು ಬರೆದರೆ 'ಪಾ' ಎಂದೂ ಓದಬಹುದು. 'ಗಂಡ' ಎನ್ನುವುದು 'ಕಂಡ' ಆಗುತ್ತದೆ, 'ದುಡ್ಡು' 'ತುಟ್ಟು' ಆಗುತ್ತದೆ; ತಮಾಷೆಯೆಂದರೆ ತಮಿಳರ ಬಾಯಲ್ಲಿ ದುಡ್ಡಿಗೆ ತುಟ್ಟು ಅಂತಲೇ ಹೆಸರು. ಮಗಳು ಅಮ್ಮನ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಓದಿದರೆ ಮಾತ್ರ ಕಾಗದ ಸರಿಯಾಗಿ ಓದಿಸಿಕೊಳ್ಳುತ್ತದೆ. ಎಂ.ಎ. ವಿದ್ಯಾರ್ಥಿಯಾದ ನನಗೆ ನೊಳಂಬರ ಶಾಸನಕ್ಕಿಂತ ಇದು ಕಷ್ಟದ ಲಿಪಿ.

ಎಷ್ಟೋ ವರ್ಷದ ಮೇಲೆ ಅಲ್ಸಾಸ್ ಪ್ರಾಂತ್ಯದ ಬಗ್ಗೆ ಓದುವಾಗ ಈ ಅಜ್ಜಿ ನೆನಪಾದರು. 1871ರಲ್ಲಿ ಫ್ರಾನ್ಸಿನಿಂದ ಜರ್ಮನಿಗೆ, 1918ರಲ್ಲಿ ಮರಳಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿದಮೇಲೆ ಮತ್ತೆ ಫ್ರಾನ್ಸಿಗೆ ಕೈಬದಲಾದ ನೆಲ ಅದು. ಅಲ್ಲಿನ ಮುದುಕಿಯರ ಕಾಗದಗಳೂ ಹೀಗೇ ಇದ್ದಿರಬೇಕು. ಅಲ್ಲಿ ಊರೂರಿಗೆ ಯುದ್ಧಸ್ಮಾರಕ, ಅದನ್ನು ನೋಡಲೆಂದೇ ಬರುವ ವಿದ್ಯಾರ್ಥಿಗಳು. ನಮ್ಮ ಕೃಷ್ಣಗಿರಿಯ ದಾರಿಯಲ್ಲಿ ನಾನು ಕಂಡ ಫಲಕಗಳಲ್ಲಿ ಹೆಚ್ಚಿನವು ಮಾವಿನಹಣ್ಣಿನವು. ಮಾವೇನೂ ಕೆಟ್ಟದ್ದಲ್ಲ, ಆದರೂ.

ಏರ್ಕಾಡಿನ ಘಟ್ಟ ಸೇಲಂ ಊರಂಚಿನಿಂದಲೇ ಎದ್ದುಬಿಡುತ್ತದೆ. ಬುಡದಲ್ಲಿ ಮ್ಯಾಗ್ನಸೈಟ್ ಗಣಿಯ ಬಿಳಿ ದಿಬ್ಬಗಳು, ಸಿನಿಮಾ ಮಾಡುತ್ತಿದ್ದ ಮಾಡರ್ನ್ ಥಿಯೇಟರ್ಸ್‌ನ ಕಮಾನು, ಆಮೇಲೆ 20 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಅಂಬಾಸಿಡರ್‌ಗೆ ದಮ್ಮು. ಹತ್ತನೆಯದು ದಾಟಿದ ಮೇಲೆ ಕಿಟಕಿಯಿಂದ ಚಳಿ, ಸಿಲ್ವರ್ ಓಕ್ ಮರಗಳ ಕೆಳಗೆ ಕೆಂಪಾಗತೊಡಗಿದ್ದ ಕಾಫಿ ಹಣ್ಣು. 'ಏರಿ' ಎಂದರೆ ಕೆರೆಯಂತೆ ತಮಿಳಿನಲ್ಲಿ, ನಮಗೆ ಕೆರೆಯ ಕಟ್ಟೆ. ಕಾಡು ಎರಡರಲ್ಲೂ ಕಾಡೇ. ಊರಿನ ಹೆಸರಿನಲ್ಲಿರುವುದು ಕೆರೆಯೋ ಕಟ್ಟೆಯೋ ಎಂದು ಒಂದು ತಾಸು ಸುಮ್ಮನೆ ಜಗಳವಾಡಿದೆವು.

ಈ ಬೆಟ್ಟದ ಚಂದವೆಲ್ಲ 1792ರ ಆ ಒಪ್ಪಂದದ ಕಾಗದದ ಮಗು ಎಂದು ಅಲ್ಲಿ ನಿಂತಾಗ ಹೊಳೆಯಲಿಲ್ಲ. ಬಾರಾಮಹಲ್, ಸೇಲಂ ಕಂಪನಿಯ ಪಾಲಾಗದಿದ್ದರೆ ಸೇಲಂಗೆ ಡೇವಿಡ್ ಕಾಕ್‌ಬರ್ನ್ ಎಂಬ ಸ್ಕಾಟ್‌ಲೆಂಡಿನ ಕಲೆಕ್ಟರ್ ಬರುತ್ತಿರಲಿಲ್ಲ. 1820ರ ದಶಕದಲ್ಲಿ ಅವನು ಈ ಗುಡ್ಡದ ಮೇಲೆ ಕಾಫಿ ನೆಡುತ್ತಿರಲಿಲ್ಲ. ಬಂಗಲೆ, ಚರ್ಚು, ಬೋರ್ಡಿಂಗ್ ಶಾಲೆ, ಸಂಜೆ ಹೊತ್ತು ಕೂರಲು 'ಲೇಡಿಸ್ ಸೀಟ್', ಯಾವುದೂ ಇರುತ್ತಿರಲಿಲ್ಲ. ಕೋವಿಯ ಹಿಂದೆ ಕೋಲು, ಕೋಲಿನ ಹಿಂದೆ ಕಾಫಿ. ಅವನ ಕಾಲದ ಗ್ರೇಂಜ್ ಎಸ್ಟೇಟಿನ ಮನೆ ಸಣ್ಣ ಕೋಟೆಯಂತೆಯೇ ಕಾಣುತ್ತದೆ. 1857ರ ದಂಗೆಯ ಸುದ್ದಿ ಬಂದಾಗ ಕೆಳಗಿನ ಬಿಳಿಯರು ಓಡಿಬಂದರೆ ಇರಲಿ ಎಂದು ಅಲ್ಲಿ ತೋಪು ಹೂಡಿ, ದವಸ ತುಂಬಿಟ್ಟಿದ್ದರು ಎಂದು ತೋಟದ ಮೇಸ್ತ್ರಿ ಹೇಳಿದ. ದಂಗೆ ಇತ್ತ ಬರಲಿಲ್ಲ.

ಕರಡಿ ಗುಹೆ ಎಂದು ಇನ್ನೊಂದು ತೋರಿಸಿದರು. ಟಿಪ್ಪು ಇಲ್ಲಿ ಅಡಗಿದ್ದನಂತೆ, ಸುರಂಗ ಇದೆಯಂತೆ. ದಕ್ಷಿಣ ಭಾರತದ ಯಾವ ಗುಹೆಯಲ್ಲಿ ಟಿಪ್ಪು ಅಡಗಿರಲಿಲ್ಲ ಹೇಳಿ! ಅಷ್ಟೂ ಸುರಂಗ ತೋಡಿಸಿದ್ದರೆ ಆತನಿಗೆ ಯುದ್ಧಕ್ಕೆ ಪುರುಸೊತ್ತೇ ಸಿಗುತ್ತಿರಲಿಲ್ಲ.

ಸೇರ್ವರಾಯನ ಗುಡಿಗೆ ಹೋದಾಗ ಮಾತ್ರ ತಮಾಷೆ ನಿಂತಿತು. ಬೆಟ್ಟದ ನೆತ್ತಿ, 5,300 ಅಡಿ ಮೇಲೆ. ಮಂಜು ಎಷ್ಟು ದಟ್ಟವಿತ್ತೆಂದರೆ ಮುಂದೆ ನಡೆಯುವವನ ಸ್ವೆಟರಿನ ಬಣ್ಣ ಕಾಣುತ್ತಿರಲಿಲ್ಲ. ಗುಡಿ ಎಂದರೆ ಗುಹೆ. ಬಗ್ಗಿ ಒಳಹೋಗಬೇಕು, ತಲೆಯ ಮೇಲೆ ಬಂಡೆ ತೊಟ್ಟಿಕ್ಕುತ್ತದೆ. ಎಣ್ಣೆದೀಪದ ಬೆಳಕಿನಲ್ಲಿ ಎರಡು ಪುಟ್ಟ ಮೂರ್ತಿ. ಪೂಜಾರಿ ಬೆಟ್ಟದ ಮಲಯಾಳಿ. ಕೇರಳದವರಲ್ಲ, ಮಲೆಯಲ್ಲಿ ಇರುವವರು ಎಂದು ಆ ಹೆಸರು, ಕಂಚಿಯಿಂದ ಬಂದವರೆಂದು ಅವರ ಐತಿಹ್ಯ. 'ಇವನು ಸೇರ್ವರಾಯ, ಈ ಬೆಟ್ಟ. ಪಕ್ಕದಲ್ಲಿ ಕಾವೇರಿಯಮ್ಮ' ಎಂದ. ಸೇಲಂ ಗೆಳೆಯ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಟೀ ಅಂಗಡಿಯವನ ಪ್ರಶ್ನೆಗೆ ಇಲ್ಲೂ ಉತ್ತರ ಇರಲಿಲ್ಲ. ಪೂಜಾರಿ ಕುಂಕುಮ ಕೊಟ್ಟ, ತಟ್ಟೆಗೆ ಎರಡು ರೂಪಾಯಿ ಹಾಕಿದೆವು.

ಲೇಡಿಸ್ ಸೀಟಿನಿಂದ ಆಕಾಶ ಶುಭ್ರವಿದ್ದರೆ ಮೆಟ್ಟೂರಿನ ನೀರು ಕಾಣುತ್ತದೆ ಎಂದಿದ್ದರು. ಮೈಸೂರೂ ಮದ್ರಾಸೂ ಕಾವೇರಿಯ ಬಗ್ಗೆ ಮೊದಲು ಒಪ್ಪಂದ ಬರೆದುಕೊಂಡದ್ದು 1892ರಲ್ಲಿ, ಶ್ರೀರಂಗಪಟ್ಟಣದ ಆ ಹಳೆಯ ಒಪ್ಪಂದಕ್ಕೆ ಸರಿಯಾಗಿ ನೂರು ವರ್ಷಕ್ಕೆ, ಮತ್ತೊಂದು 1924ರಲ್ಲಿ, ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ನಮಗೆ ಕಂಡದ್ದು ಬಿಳಿ ಮಂಜಿನ ಗೋಡೆ. ಕಡಲೆಕಾಯಿ ತಿಂದು ಇಳಿದೆವು.

ವಾಪಸು ಬರುವಾಗ ಪಾಲಕೋಡಿನ ಮೇಲೆ ಬಂದೆವು. ಮಾರಂಡಹಳ್ಳಿ ಎಂಬ ಫಲಕ ಕಂಡಾಗ ಎಲ್ಲರೂ ಒಟ್ಟಿಗೆ 'ಹಳ್ಳಿ!' ಎಂದು ಕೂಗಿದೆವು. ಆಮೇಲೆ ಹಳ್ಳಿ ಎಣಿಸುವುದೇ ಆಟವಾಯಿತು. ತೊಪ್ಪೂರಿನ ಕೆಳಗೆ ನಮ್ಮ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಅಜ್ಜಿ ಹೇಳಿದ್ದಕ್ಕಿಂತ ಗಡಿ ಸ್ವಲ್ಪ ಕೆಳಗೇ ಇತ್ತು.

ಆ ನವೆಂಬರ್ 22ಕ್ಕೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಬಂತು, ಡಿಸೆಂಬರ್ 11ಕ್ಕೆ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂತು, 12ಕ್ಕೆ ಬೆಂಗಳೂರು ಹೊತ್ತಿಕೊಂಡಿತು. ತಮಿಳು ಮಾತಾಡುವವರ ಮನೆ, ಅಂಗಡಿ ಸುಟ್ಟವು, ಜನ ಸತ್ತರು, ಸಾವಿರಾರು ಮಂದಿ ಹೊಸೂರಿನ ಕಡೆ ನಡೆದುಹೋದರು. ಗೆಳೆಯ ಹತ್ತು ದಿನ ನಮ್ಮ ಮನೆಯಲ್ಲಿದ್ದ. ಅವನ ಕನ್ನಡದಲ್ಲಿ ತಮಿಳಿನ ಎಳೆತ ಇತ್ತು. ಆ ದಿನಗಳಲ್ಲಿ ಬೀದಿಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದ. ಮನೆಮಾತು ಕನ್ನಡವೇ ಎಂದು ಯಾರಿಗೆ, ಎಷ್ಟು ಹೊತ್ತಿನಲ್ಲಿ ವಿವರಿಸುವುದು? ಜನವರಿಯಲ್ಲಿ ಅತ್ತೆಯ ಮನೆಗೆ ಅಜ್ಜಿಯ ಕಾಗದ ಬಂತು. ಅವನು ಓದಿದ: 'ಕಲಾಟ್ಟೆ ನಿಂತಿತಾ? ಪಸ್ಸು ಪಿಟ್ಟರೆ ಪಾ.'

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಮಗ್ಗ ಮಾರಿದ್ದಾರೆ, ಹಜಾರದಲ್ಲಿ ಈಗ ಸೋಫಾ ಇದೆ. 2017ರಲ್ಲಿ ಮತ್ತೆ ಏರ್ಕಾಡು ಹತ್ತಿದಾಗ ಲೇಡಿಸ್ ಸೀಟಿನಿಂದ ಮೆಟ್ಟೂರು ಕಂಡಿತು, ಬಿಸಿಲಿಗೆ ಹಿಡಿದ ತಗಡಿನ ಚೂರಿನ ಹಾಗೆ. ಅಲ್ಲಿಂದಲೇ ಗೆಳೆಯನಿಗೆ ಫೋಟೊ ಕಳಿಸಿದೆ. ಅವನ ಮಗ ಉತ್ತರ ಬರೆದ, ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲಿ ಕ, ಗ ಬೇರೆಬೇರೆಯಾಗಿವೆ. ಲ, ಳ ಒಂದಾಗಿವೆ.